ನೇತ್ರಾವತಿಯ ಇಂಗ್ಲೆಂಡ್ ಗಾಡಿ

ತನ್ನನ್ನು ಹೊಗಳಿದರೆ ನೇತ್ರಾವತಿ ನಂಬುತ್ತಿರಲಿಲ್ಲ. ತನ್ನ ಮೊಪೆಡ್ಡನ್ನು ಹೊಗಳಿದರೆ ಕರಗಿ ನೀರಾಗುತ್ತಿದ್ದಳು. ಎಸ್ಟೇಟಿನ ಬಿಳಿ ದೊರೆ ಅದನ್ನು ಇಂಗ್ಲೆಂಡಿನಿಂದ ತರಿಸಿ, ನಾಲ್ಕು ದಿನ ಓಡಿಸುವ ಮೊದಲೇ ಊರಿಗೆ ಹೊರಟು, ಮೆಕ್ಯಾನಿಕ್ಕಾಗಿದ್ದ ಅವಳಪ್ಪ ವೀರಯ್ಯನಿಗೆ ಕೊಟ್ಟುಹೋಗಿದ್ದ. ಅಂದಿನಿಂದ ಅದನ್ನು ಓಡಿಸಿದ್ದು ಅವಳೊಬ್ಬಳೇ. ಅಪ್ಪ ಸಾಯುವಾಗ ತೋಟ ಮಗ ಧರ್ಮನಿಗೆ, ಮೊಪೆಡ್ ಮಗಳಿಗೆ ಎಂದು ಬಾಯಲ್ಲೇ ಹಂಚಿದ. ಪೋಲಿಯೊದಿಂದ ಮಗಳ ಬಲಗಾಲು ಕಡ್ಡಿಯಾಗಿತ್ತು. ಆ ಗಾಡಿ ಇದ್ದುದರಿಂದಲೇ ಅವಳು ಹೆತ್ತೂರಿನ ಸುತ್ತಲಿನ ಎಸ್ಟೇಟ್ ಕೂಲಿಯವರ ಲೈನ್ ಮನೆಗಳಿಗೆ ಹೋಗಿ ರವಿಕೆಯ ಅಳತೆ ತಂದು, ಹೊಲಿದುಕೊಟ್ಟು, ತನ್ನ ಅನ್ನ ತಾನು ದುಡಿದು ತಿನ್ನುತ್ತಿದ್ದಳು. ಅದಿಲ್ಲವಾದರೆ ತಮ್ಮನ ಹೆಂಡತಿ ಮೋನಿಕಾಳ ಪಾತ್ರೆ ತಿಕ್ಕಿಕೊಂಡು ಮೂಲೆಯಲ್ಲಿ ಬಿದ್ದಿರುವುದೇ ಗತಿ. ಮೋನಿಕಾಳಿಗೆ ಬೇಕಾಗಿದ್ದೂ ಅದೇ.

ಹಳೇ ಗಾಡಿ ಸಂಗ್ರಹಿಸುವವರಿಗೆ ಧರ್ಮ ಗುಟ್ಟಾಗಿ ಮೊಪೆಡ್ಡಿನ ಫೋಟೊ ಕಳಿಸಿದ. ಮಂಗಳೂರಿನಿಂದ ಅಭಿಲಾಷ್ ಎಂಬವನು ಪಿಕಪ್ ತೆಗೆದುಕೊಂಡೇ ಬಂದ.

"ಪುಸ್ತಕಕ್ಕೆ ಫೋಟೊ ಹಾಕ್ತಾರಂತೆ ಕಣಕ್ಕ, ಸ್ಟಾರ್ಟ್ ಮಾಡಿ ತೋರ್ಸು" ಎಂದ ಧರ್ಮ. ಅವನು ಆಗಲೇ ತುಳಿದು ತುಳಿದು ಸೋತಿದ್ದ.

"ಮಳೇಲಿ ಇದು ನಿನ್ ಮಾತು ಕೇಳಕಿಲ್ಲ, ಬುಡು" ಎಂದು ನೇತ್ರಾವತಿ ನಕ್ಕಳು. ಪ್ಲಗ್ ಬಿಚ್ಚಿ ಒಲೆಯ ಕೆಂಡದ ಮುಂದೆ ಹಿಡಿದು, ಬಿಸಿಯಾದ ಮೇಲೆ ಹಾಕಿ, ಎಡಗಾಲಲ್ಲಿ ಒಂದೇ ಏಟು ತುಳಿದಳು. ಗಾಡಿ ಗುರ್ರೆಂದಿತು. ಆ ಉಪಾಯವನ್ನು ಅಭಿಲಾಷನಿಗೂ ಎರಡೆರಡು ಸಲ ಹೇಳಿಕೊಟ್ಟಳು. ಪಾಪದವಳು, ತನ್ನ ಕುತ್ತಿಗೆಗೆ ತಾನೇ ಹಗ್ಗ ಬಿಗಿದುಕೊಂಡಳು.

ಅವನು ಪಿಕಪ್ಪಿನ ಹಿಂಬಾಗಿಲು ತೆಗೆದಾಗಲೇ ಅವಳಿಗೆ ದಿಗಿಲಾದದ್ದು. "ವಾಪಸ್ ಯಾವತ್ತು ತತ್ತೀರಿ?"

"ವಾಪಸ್ಸಾ? ನಾನು ಕೊಂಡುಕೊಂಡಿದೀನಲ್ಲ, ಮೇಡಂ."

ನೇತ್ರಾವತಿ ಸೀಟನ್ನು ತಬ್ಬಿಹಿಡಿದಳು. "ಇದು ನನ್ ಕಾಲು ಕಣಪ್ಪ. ಕೈ ಮುಗೀತೀನಿ, ತಗಂಡ್ ಹೋಗ್ಬ್ಯಾಡ."

ಅಭಿಲಾಷ್ ಕೆಟ್ಟವನಲ್ಲ. ಅವನ ಮುಖ ಸಣ್ಣದಾಯಿತು. "ಬೇಡ ಬಿಡಿ ಧರ್ಮ, ಇನ್ಯಾವುದಾದ್ರೂ ನೋಡ್ತೀನಿ" ಎನ್ನುತ್ತಾ ಬಗ್ಗಿ, ಹೋಗುವ ಮೊದಲು ಒಂದು ಸಲ ಗಾಡಿಯನ್ನು ಸವರಿದ. ಅವನ ಕೈ ಅಲ್ಲೇ ನಿಂತಿತು.

"ಎಡಗಡೆ ಪೆಡಲ್ ಪೂರ್ತಿ ಸವೆದಿದೆ. ಬಲಗಡೇದು ಫ್ಯಾಕ್ಟರಿಯಿಂದ ಬಂದ ಹಾಗೇ ಇದೆಯಲ್ಲ! ರಬ್ಬರಿನ ಅಕ್ಷರಾನೂ ಅಳಿಸಿಲ್ಲ. ಇಂಥದ್ದು ಇಂಗ್ಲೆಂಡಲ್ಲೂ ಸಿಗಲ್ಲ. ಹೇಗಿಟ್ಟಿದ್ರಿ?"

ನೇತ್ರಾವತಿ ಸೀರೆಯ ಅಂಚನ್ನು ಬಲಗಾಲಿನ ಮೇಲೆಳೆದುಕೊಂಡಳು. ಉತ್ತರ ಧರ್ಮನೇ ಕೊಟ್ಟ.

"ಆ ಕಾಲಲ್ಲಿ ಒಂದಿನಾನೂ ತುಳಿದಿಲ್ಲ ಸಾರ್ ಅವ್ಳು. ಚಿಕ್ಕಂದಿನಿಂದ ದಂಡ ಅಂದ್ಕಂಡಿದ್ವಿ, ನೋಡಿ, ಈಗ ಉಪಯೋಗಕ್ಕೆ ಬಂತು."

ಅಭಿಲಾಷ್ ಆಮೇಲೆ ಅವಳ ಮುಖ ನೋಡಲಿಲ್ಲ. ಹೇಳಿದ್ದಕ್ಕಿಂತ ಹೆಚ್ಚೇ ಕೊಡುತ್ತೇನೆಂದ. ಧರ್ಮ ಅಕ್ಕನ ಬೆರಳುಗಳನ್ನು ಒಂದೊಂದಾಗಿ ಸೀಟಿನಿಂದ ಬಿಡಿಸಿದ. ಹಿಡಿತ ತಪ್ಪಿ ಅವಳು ಅಂಗಳದ ಕೆಸರಿಗೆ ಬಿದ್ದಳು.

"ಅತ್ತಿಗೆ, ಪಾತ್ರೆ ಹಂಗೇ ಬಿದ್ದವೆ" ಎಂದು ಮೋನಿಕಾ ಒಳಗಿನಿಂದ ಕೂಗಿದಳು.

ದಾರಿಯಲ್ಲಿ ಗೀರು ಬಿದ್ದೀತೆಂದು ಅಭಿಲಾಷ್ ಮೆತ್ತನೆಯ ಬಟ್ಟೆ ತಂದು ಬಲಗಡೆಯ ಪೆಡಲ್ಲಿಗೆ ಜೋಪಾನವಾಗಿ ಸುತ್ತುತ್ತಿದ್ದ. ಬಟ್ಟೆಯ ತುದಿಯನ್ನು ಧರ್ಮ ಹಿಡಿದುಕೊಂಡಿದ್ದ. ನೇತ್ರಾವತಿ ಏಳಲೆಂದು ಕೈ ಚಾಚಿದಳು. ಇಬ್ಬರ ಕೈಗೂ ಬಿಡುವಿರಲಿಲ್ಲ.