ಒಂದನೇ ನಂಬರಿನ ಕೆಲಸ

ಸ್ನಾನ ಮಾಡಿಸಲೆಂದು ಅಂಗಿ ಬಿಚ್ಚುವಾಗ ಭೂಪಾಲನ ಕಿಸೆಯಿಂದ ಮಡಚಿದ ಚೀಟಿಯೊಂದು ಬಿತ್ತು. ಬಾಳಾಸಾಬ ಅದನ್ನೆತ್ತಿ, ಬಿಚ್ಚದೆಯೇ ತನ್ನ ಕಿಸೆಗೆ ಹಾಕಿಕೊಂಡ. ಸಕ್ಕರೆ ಕಾರ್ಖಾನೆಯಲ್ಲಿ ಇಬ್ಬರೂ ಇಪ್ಪತ್ತು ವರ್ಷ ಒಟ್ಟಿಗೆ ಫೀಲ್ಡ್‌ಮನ್ ಆಗಿದ್ದವರು. ಯಾರ ಕಬ್ಬು ಯಾವತ್ತು ಕಡಿಯಬೇಕೆಂದು ಪಾಳಿ ಹಚ್ಚುವುದು ಅವರ ಕೆಲಸ. ಮಧ್ಯಾಹ್ನ ಕಾರ್ಖಾನೆಯ ಅಂಗಳದಲ್ಲಿ ಎದೆ ಹಿಡಿದುಕೊಂಡು ಕೂತ ಭೂಪಾಲ ಮತ್ತೆ ಏಳಲಿಲ್ಲ. ಮೂರೂವರೆಗೆ ಶೇಡಬಾಳದ ಮನೆಗೆ ತಂದರು.

ಹೊರಗೆ ಕಟ್ಟೆಯ ಮೇಲೆ ರೈತರು ಸೇರಿದ್ದರು. ದುಃಖ ಇತ್ತು, ಇಲ್ಲವೆನ್ನುವಂತಿಲ್ಲ. ಆದರೆ ಕಬ್ಬೂ ಹೊಲದಲ್ಲಿ ಒಣಗುತ್ತಿತ್ತಲ್ಲ.

"ನಾಳೆ ನನ್ನ ಪಾಳಿ ಇತ್ತು," ಭೀಮಗೊಂಡ ಮೆಲ್ಲಗೆ ಅಂದ. "ಇನ್ನ ಯಾರ್ನ ಕೇಳೂದು?"

"ಲೇ, ಹೆಣ ಒಳಗೈತಿ. ಬಾಯಿ ಮುಚ್ಚು," ಪಕ್ಕದವನು ಗದರಿದ.

"ಸುಮ್ನ ಅಂದ್ನೆಪಾ. ಅಂಥಾ ಮನಷ್ಯಾ ಮತ್ತ ಸಿಗೂದಿಲ್ಲ. ಹೇಳಿದ ವ್ಯಾಳ್ಯಾಕ್ಕ ಹೇಳಿದ ಹೊಲದಾಗ ಇರ್ತಿದ್ದ."

*

ಆರು ವರ್ಷದ ಹಿಂದೆ, 2006ರಲ್ಲಿ, ಪುಣೆಯಿಂದ ಬಂದ ಸೂಟುಬೂಟಿನ ಮನುಷ್ಯನೊಬ್ಬ ಕಾರ್ಖಾನೆಯ ನೌಕರರಿಗೆ ಎರಡು ದಿನ ತರಬೇತಿ ಕೊಟ್ಟಿದ್ದ. ನಾಳೆಯ ಕೆಲಸಗಳನ್ನು ಇಂದೇ ಬರೆದಿಡಿ, ಎಲ್ಲಕ್ಕಿಂತ ಮುಖ್ಯವಾದದ್ದಕ್ಕೆ ಒಂದನೇ ನಂಬರು ಕೊಡಿ, ಒಂದು ಮುಗಿಯದೆ ಎರಡನ್ನು ಮುಟ್ಟಬೇಡಿ ಎಂದು ಹೇಳಿಕೊಟ್ಟಿದ್ದ. ಉಳಿದವರು ಪುಕ್ಕಟೆ ಊಟ ಹೊಡೆದು ಅಲ್ಲಿಗೇ ಕೈ ತೊಳೆದುಕೊಂಡರು. ಭೂಪಾಲನೊಬ್ಬ ಅದನ್ನು ವ್ರತದಂತೆ ಹಿಡಿದ. ದಿನಕ್ಕೊಂದು ಚೀಟಿ, ಚೀಟಿಯ ತುಂಬ ನಂಬರು.

ಭೂಪಾಲನದು ಹೊತ್ತು ಮುಳುಗಿದ ಮೇಲೆ ಊಟ ಮಾಡದ ಜೈನರ ಮನೆ. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಐದಾರು ತಿಂಗಳು ಭೂಪಾಲ ಮನೆ ಮುಟ್ಟುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ಬಂದವನೇ ಹಸಿದ ಹೊಟ್ಟೆಯಲ್ಲಿ ಮಲಗುತ್ತಿದ್ದ. ಹೆಂಡತಿ ತಾರಾಬಾಯಿ ಬಾಗಿಲಲ್ಲಿ ನಿಂತು ನಿಂತು, ಇನ್ನೇನು ಸೂರ್ಯ ಮುಳುಗಿಯೇಬಿಟ್ಟ ಎನ್ನುವಾಗ ಒಬ್ಬಳೇ ಎರಡು ತುತ್ತು ನುಂಗುತ್ತಿದ್ದಳು.

"ಊರ ಮಂದಿಗೆಲ್ಲಾ ನಂಬರ ಹಚ್ತೀರಿ. ನನಗೂ ಒಂದ ನಂಬರ ಹಚ್ರಿ. ಒಂದ ದಿನಾ ಸಂಜೀಕ ಕೂಡಿ ಉಣ್ಣೂನು," ಎಂದಿದ್ದಳು ಒಮ್ಮೆ.

ಅವನು ನಕ್ಕುಬಿಟ್ಟಿದ್ದ. "ಹಂಗಾಮ ಮುಗೀಲಿ ತಡಿ." ಆ ನಗು ಅವಳನ್ನು ವರ್ಷಗಟ್ಟಲೆ ಚುಚ್ಚಿತು.

*

"ಆ ಚೀಟಿ ಕಿಸೇದಾಗ ಇಟ್ಕೊಂಡ್ರೆಲ್ಲಾ, ಏನ ಬರದಾರ ಅದರಾಗ, ಬಾಳಾಸಾಬಣ್ಣಾ?" ಸ್ನಾನ ಮಾಡಿಸಿ ಮಲಗಿಸಿದ್ದ ಗಂಡನ ಪಕ್ಕ ಕೂತಿದ್ದ ತಾರಾಬಾಯಿ ಕೇಳಿದಳು.

"ಕೆಲಸದ್ದ ಐತ್ರಿ ವೈನಿ. ಈಗ್ಯಾಕ?"

"ಓದ್ರಿ."

ಬಾಳಾಸಾಬ ಚೀಟಿ ಬಿಚ್ಚಿದ. "ಒಂದನೇದ್ದು... 'ಹೊತ್ತು ಮುಳುಗುವುದರೊಳಗೆ ಮನೆ. ತಾರಾಳ ಜೊತೆ ಊಟ.'"

"ಇವತ್ತಿನ ಚೀಟ್ಯಾಗಷ್ಟ ಐತೇನ?"

"ದಿನಾ ಇದ ಇರ್ತಿತ್ರಿ. ಒಂದ ಮುಗೀದ ಎರಡ ಹೆಂಗ ಮುಟ್ಟಿದ್ಯೋ ಅಂತ ನಾವ ಚ್ಯಾಷ್ಟಿ ಮಾಡ್ತಿದ್ವಿ. ಐದರ ಸುಮಾರ ಮೋಟಾರ್‌ಸೈಕಲ್ ಚಾಲೂ ಮಾಡಾಂವ. ಅಷ್ಟರಾಗ ಯಾರರೆ ಬಂದ, ನಮ್ಮ ಕಬ್ಬ ಒಣಗಾಕತ್ತೈತಿ ಬರ್ರಿ ಅಂತ ಹ್ಯಾಂಡಲ್ ಹಿಡೀತಿದ್ರು. ಇಲ್ಲ ಅನ್ನಾಕ ಬರ್ತಿದ್ದಿಲ್ರಿ ಅವಗ."

ಬಾಗಿಲಿಗೆ ಬಂದು ನಿಂತಿದ್ದ ಭೀಮಗೊಂಡ ತಲೆ ತಗ್ಗಿಸಿದ. ಅವನೂ ಎಷ್ಟೋ ಸಲ ಆ ಹ್ಯಾಂಡಲ್ ಹಿಡಿದವನೇ.

ತಾರಾಬಾಯಿಗೆ ಮೊದಲು ಸಿಟ್ಟೇ ಬಂತು. ಇಷ್ಟು ವರ್ಷದಲ್ಲಿ ಒಮ್ಮೆಯಾದರೂ ಬಾಯಿಬಿಟ್ಟು ಹೇಳಬಾರದಿತ್ತೇ? ಸಿಟ್ಟಿನ ಹಿಂದೆಯೇ ಅವನು ಬೇಕೆನಿಸಿತು. ಹೊಟ್ಟೆ ಹಸಿದಾಗ ಅನ್ನ ಬೇಕೆನಿಸುವ ಹಾಗೆ ಬೇಕೆನಿಸಿತು.

ಐದು ಹೊಡೆಯಿತು. "ಎತ್ತೂನ್ರಿ. ಹೊತ್ತ ಮುಳುಗೂದ್ರಾಗ ಎಲ್ಲಾ ಮುಗೀಬೇಕು," ಎಂದು ಹಿರಿಯರು ಅವಸರಿಸಿದರು.

ತಾರಾಬಾಯಿ ಎದ್ದು ಒಳಗೆ ಹೋದಳು. ಮುಂಜಾನೆ ಮಾಡಿಟ್ಟ ರೊಟ್ಟಿ, ಹೆಸರುಕಾಳ ಪಲ್ಯ ಬಡಿಸಿಕೊಂಡು ಬಂದು ಗಂಡನ ಪಕ್ಕದಲ್ಲಿ ಕೂತಳು.

ಭೂಪಾಲನ ಅಕ್ಕ ಸಾವಕ್ಕ ಹೌಹಾರಿದಳು. "ತಾರಾ! ಹೆಣ ಎತ್ತೂಮಟಾ ಮನ್ಯಾಗ ಹನಿ ನೀರ ಸೈತ ಕುಡ್ಯೂದಿಲ್ಲ. ತಲಿ ಕೆಟ್ಟೈತೇನ ನಿನಗ?"

"ಹಂಗಾಮದಾಗ ಇವತ್ತ ಒಂದ ದಿನಾ ಹೊತ್ತ ಮುಳುಗೂದ್ರಾಗ ಮನಿಗಿ ಬಂದಾರ, ಅಕ್ಕಾ."

ಸಾವಕ್ಕ ಪಕ್ಕಕ್ಕೆ ಸರಿದಳು. ಹೆಗಲು ಕೊಡಲು ನಾಲ್ವರು ಮೆಟ್ಟಿಲೇರಿ ಬಂದರು. ಭೀಮಗೊಂಡ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತ.

"ತಡೀರಿ. ಊಟಕ್ಕ ಕುಂತಾರ."

ತಾರಾಬಾಯಿ ತಾಟನ್ನು ಇಬ್ಬರ ನಡುವೆ ಇಟ್ಟು ರೊಟ್ಟಿ ಮುರಿದಳು. ಕಿಟಕಿಯ ಬಿಸಿಲು ಇನ್ನೂ ಅವನ ಪಾದದ ಮೇಲಿತ್ತು. ಅವಳು ಅವಸರ ಮಾಡದೆ ಉಂಡಳು.