ಆರು ದೇಶ, ಒಂದೇ ಸೊಂಟನೋವು

“ನಿನ್ನ ಮೂತಿಗೆ ಫಾರಿನ್ ಕೆಲ್ಸ ಬೇರೆ ಕೇಡು! ಮತ್ತೆ ಫೇಲು. ರುಜು ಹಾಕಿ ನಡಿ.”

ಏಜೆಂಟ್ ಪೆನ್ನಿನ ಕ್ಯಾಪಿನಿಂದ ಕಿವಿ ಕೆರೆದು, ತುದಿ ಮೂಸಿ ನೋಡಿ, ಅದೇ ಪೆನ್ನನ್ನು ನನ್ನ ಕೈಗಿಟ್ಟ. ಪರೀಕ್ಷೆಯನ್ನು ಸ್ವಂತ ಇಷ್ಟದಿಂದ ಬರೆದೆನೆಂದು ಪ್ರತಿವಾರ ರುಜು ಹಾಕಬೇಕು, ಅದೂ ನಿಂತುಕೊಂಡೇ. ಎದುರಿಗಿದ್ದ ಖಾಲಿ ಕುರ್ಚಿಗಳು ಪಾಸಾದವರಿಗಂತೆ. ಥೂ! ಹೊರಗೆ ಬಂದು ಬೆರಳನ್ನು ಗೋಡೆಗೆ ಉಜ್ಜಿದೆ.

ಬಟ್ಟೆ ಕಾರ್ಖಾನೆ ಬಾಗಿಲು ಹಾಕಿದಾಗ ಬೀದಿಗೆ ಬಿದ್ದ ಆರು ಹೆಂಗಸರು ನಾವು. ‘ಮನೇಲೇ ಕೂತು ಮಾಡೋ ಕೆಲ್ಸ, ನಿಮಗೋಸ್ಕರ ಪ್ರಪಂಚಾನೇ ಜಾಲಾಡ್ತೀನಿ’ ಎಂದು ಒಬ್ಬೊಬ್ಬರಿಗೆ ಒಂದೊಂದು ದೇಶದ ಕಂಪನಿ ಹಂಚಿದ್ದ. ನನಗೆ ಕೆನಡಾ, ನಾದಿನಿಗೆ ಜರ್ಮನಿ. ವಾರಕ್ಕೊಮ್ಮೆ ಫೋನಿಗೆ ನಮ್ಮ ಭಾಷೆಯದೇ ಮಾತಿನ ತುಣುಕು ಬರುತ್ತಿತ್ತು. ಕೇಳಿಸಿಕೊಂಡು, ಒಂದಕ್ಷರ ಬಿಡದೆ ಟೈಪು ಮಾಡಿ ಕಳಿಸಬೇಕು. ಅದೇ ಪರೀಕ್ಷೆ. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ದಿನವಿಡೀ ಹೊರಗೆ ದುಡಿಯುವ ಹಾಗಿರಲಿಲ್ಲ ನಾನು. ಇದೊಂದೇ ದಾರಿಯೆಂದು ಏಳು ಸಲ ಬರೆದಿದ್ದೆ.

ಅವತ್ತು ಅತ್ತೆಯ ಹೇಲುಬಟ್ಟೆ ಒಗೆಯುತ್ತ ನಾದಿನಿಗೆ ಹೇಳಿದೆ: “ಡಾಕ್ಟ್ರು ‘ನೋವೆಲ್ಲಿ ಯಜಮಾನ್ರೆ’ ಅಂತಾರೆ ಕಣೆ, ಅಷ್ಟಕ್ಕೇ ನನ್ನ ತುಣುಕು ಮುಗ್ದೋಯ್ತು. ಪಾಪ, ಆ ಮುದುಕನಿಗೆ ಎಲ್ಲಿ ನೋವೋ ಏನೋ.”

ಬಟ್ಟೆ ಹಿಂಡುತ್ತಿದ್ದ ಅವಳ ಕೈ ನಿಂತಿತು. “ಸೊಂಟದಲ್ಲಿ, ಅತ್ತಿಗೆ. ನನ್ನ ಜರ್ಮನಿ ‘ಸೊಂಟದಲ್ಲಿ ಸ್ವಾಮಿ’ ಅಂತ್ಲೇ ಶುರುವಾಗೋದು.”

ಸಂಜೆ ಆರೂ ಜನ ಕೂತು ಒಂದಾದ ಮೇಲೊಂದು ಕೇಳಿದೆವು. ಆರು ದೇಶ, ಒಬ್ಬನೇ ಡಾಕ್ಟರು, ಒಬ್ಬನೇ ಮುದುಕ, ಒಂದೇ ಸೊಂಟನೋವು. ಪರೀಕ್ಷೆಯೂ ಇಲ್ಲ, ಮಣ್ಣೂ ಇಲ್ಲ. ಅದೇ ಕೆಲಸ! ಯಾರದೋ ಕೆಲಸವನ್ನು ಆರು ತುಂಡು ಮಾಡಿ ನಮ್ಮಿಂದ ಬರೆಸಿ ದುಡ್ಡು ಎಣಿಸುತ್ತಿದ್ದ. ಏಳು ವಾರ ಬಿಟ್ಟಿ ದುಡಿದಿದ್ದೆವು.

“ಜಗಳ ಆಡಿದ್ರೆ ಇರೋ ದಾರೀನೂ ಮುಚ್ಚೋಗತ್ತೆ,” ಎಂದಳು ನಮ್ಮಲ್ಲಿ ಹಿರಿಯಳಾದ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಅಕ್ಕ.

“ಎಲ್ಲಿತ್ತಕ್ಕ ದಾರಿ? ಆ ಹಲ್ಕಾ ನನ್ಮಗ ನಾವು ಬರ್ದಿದ್ದನ್ನ ಕಣ್ಣೆತ್ತಿ ಕೂಡ ನೋಡಲ್ಲ. ನೋಡ್ದೇನೇ ಫೇಲು ಅಂತಾನೆ,” ಎಂದಳು ನಾದಿನಿ.

ನೋಡುವುದಿಲ್ಲ! ಹಾಗಾದರೆ ನಾವು ಏನು ಬರೆದರೂ ನೇರ ಕೆಲಸ ಕೊಟ್ಟವರ ಕೈಗೇ ಹೋಗುತ್ತದೆ. ಆರೂ ಜನ ಮುಖ ಮುಖ ನೋಡಿಕೊಂಡೆವು.

ಆ ವಾರ ಪ್ರತಿ ತುಣುಕಿನ ನಡುವೆಯೂ ಒಂದೇ ಮಾತು ಸೇರಿಸಿದೆವು: ‘ಇದನ್ನು ಬರೆದವರು ನಾವು ಆರು ಹೆಂಗಸರು. ಪರೀಕ್ಷೆಯೆಂದು ಸುಳ್ಳು ಹೇಳಿ ಬರೆಸಿದ್ದಾರೆ, ಕೂಲಿ ಕೊಟ್ಟಿಲ್ಲ.’ ಕೆಳಗೆ ನಮ್ಮ ಹೆಸರು, ಫೋನ್ ನಂಬರು.

ಸೋಮವಾರ ಹೋದಾಗ ಆತ ಕಿವಿ ಕೆರೆಯುತ್ತಲೇ ಇದ್ದ.

“ಆರೂ ಫೇಲು. ದಂಡಪಿಂಡಗಳು!”

“ಓದಿದ್ರಾ ಸಾರ್?” ಎಂದೆ.

“ಓದೋದೇನಿದೆ ಅದ್ರಲ್ಲಿ? ಬೆಳಿಗ್ಗೇನೇ ಅವರಿಗೆ ಕಳಿಸಾ...” ನಾಲಿಗೆ ಕಚ್ಚಿಕೊಂಡು ಪೆನ್ನು ಚಾಚಿದ. ಒಬ್ಬಳೂ ಮುಟ್ಟಲಿಲ್ಲ.

ನಾನು ಕುರ್ಚಿ ಎಳೆದು ಕೂತೆ. ನಾದಿನಿ ಪಕ್ಕದಲ್ಲಿ ಕೂತಳು. ಆಮೇಲೆ ಅಕ್ಕ, ಆಮೇಲೆ ಉಳಿದವರು.

“ಏಯ್, ಯಾವಳೇ ಕೂರೋಕೆ ಹೇಳಿದ್ದು?”

“ಕಳಿಸಿದ್ದನ್ನ ಒಂದ್ಸಲ ಓದಿ ಸಾರ್,” ಎಂದೆ. “ನಾವು ಕಾಯ್ತೀವಿ.”