ಅರ್ಧ ಇಂಚು

ಸಿಟ್ಟು ಬಂದರೆ ಅವಳಿಗೆ ಮೊದಲು ಬಿಸಿಯಾಗುವುದು ಕಿವಿ. ಆವತ್ತು ಪರವಾನಗಿ ಕಚೇರಿಯ ಆರನೇ ಕೌಂಟರಿನ ಮುಂದೆ ನಿಂತಾಗ ಎರಡೂ ಕಿವಿ ಕಾದ ಕಾವಲಿಯಾಗಿದ್ದವು. ಗಾಜಿನಾಚೆ ಕೂತ ಗುಮಾಸ್ತೆ, ಕನ್ನಡಕವನ್ನು ದಾರ ಕಟ್ಟಿ ಕುತ್ತಿಗೆಗೆ ನೇತುಹಾಕಿಕೊಂಡ ವಯಸ್ಸಾದ ಹೆಂಗಸು, ಪ್ರಮಾಣಪತ್ರದ ಕೆಳಗೆ ಬೆರಳಿಟ್ಟು ಮೂರನೇ ಸಲ ಅದನ್ನೇ ಕೇಳಿದಳು. "ನೋಂದಣಿ ಸಂಖ್ಯೆ ಇಲ್ಲಿರಬೇಕಿತ್ತು. ಎಲ್ಲಿ?"

ಇರಬೇಕಿತ್ತು ಕಣಮ್ಮ! ಹನ್ನೊಂದು ವರ್ಷ ಇತ್ತು. ಹೆರಿಗೆ ನರ್ಸಾಗಿ ಕೆಲಸಕ್ಕೆ ಸೇರಿದ ದಿನದಿಂದ ಆ ಸಣ್ಣಕ್ಷರದ ಸಂಖ್ಯೆ ಕಾಗದದ ಕೊನೆಯ ಅಂಚಿನಲ್ಲಿ ಕೂತಿತ್ತು, ಅರ್ಧ ಮೊಹರಿನ ಜೊತೆಗೆ. ಈಗ ಅಂಚೇ ಇಲ್ಲ.

ಅವಳು ತಿರುಗಿ ಗಂಡನನ್ನು ನೋಡಿದಳು. ಆತ ಬೆಂಚಿನ ಮೇಲೆ ಕೂತು, ಗುಮಾಸ್ತೆ ತನ್ನ ಕೆಲಸವನ್ನು ಮೆಚ್ಚಿಕೊಳ್ಳುತ್ತಿದ್ದಾಳೆ ಅಂದುಕೊಂಡು ಹಲ್ಲು ಬಿಡುತ್ತಿದ್ದ. ಈ ದೇಶದ ಭಾಷೆ ಅವನಿಗೆ ಒಂದಕ್ಷರ ಬರುತ್ತಿರಲಿಲ್ಲ.

ಗಂಡ ಪುಸ್ತಕ ಕಟ್ಟುವವ. ಇಪ್ಪತ್ತೆರಡು ವರ್ಷದ ಕಸುಬು. ಊರು ಬಿಡುವ ಹಿಂದಿನ ದಿನ, ಮನೆಯಲ್ಲಿದ್ದ ಮುಖ್ಯ ಕಾಗದಗಳನ್ನೆಲ್ಲ, ಮದುವೆಯದು, ಜನನದ್ದು, ಅವಳ ತರಬೇತಿಯದು, ನೋಂದಣಿಯದು, ಅನುಭವದ್ದು, ಎಲ್ಲ ಸೇರಿಸಿ ಒಂದು ಪುಸ್ತಕವಾಗಿ ಕಟ್ಟಿ ತಂದುಕೊಟ್ಟಿದ್ದ. ಕೆಂಪು ಬಟ್ಟೆಯ ರಟ್ಟು, ಬೆನ್ನಿಗೆ ಚಿನ್ನದ ಬಣ್ಣದ ಗೆರೆ. "ಒಂದು ಹಾಳೆಯೂ ಕಳೆದುಹೋಗಲ್ಲ ನೋಡು," ಅಂದಿದ್ದ. ಅವಳ ಅಕ್ಕ ಮಾತ್ರ, "ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೈಯಲ್ಲಿ ಹಿಡ್ಕೊಳ್ರೇ ಅಂದ್ರೆ, ಇದೇನು ಅವತಾರ?" ಅಂದಿದ್ದಳು. ಅಕ್ಕನಿಗೆ ಎಲ್ಲದರಲ್ಲೂ ಕೊಂಕು ಅಂತ ಅವಳು ನಕ್ಕುಬಿಟ್ಟಿದ್ದಳು. ಥೂ, ನಕ್ಕಿದ್ದಳು! ಒಳಗೆ ತೆಗೆದು ನೋಡದೆ, ರಟ್ಟು ಸವರಿ, ಎದುರುಮನೆಯವರಿಗೆಲ್ಲ ತೋರಿಸಿಕೊಂಡು ಬಂದಿದ್ದಳು. ಆ ನೆನಪಿಗೆ ಈಗ ಅವಳಿಗೆ ತನ್ನ ಮೇಲೂ ಉರಿಯಿತು.

ಈ ದೇಶಕ್ಕೆ ಬಂದು ಇಪ್ಪತ್ತು ದಿನ. ಬಾಡಿಗೆ ಕರಾರಿಲ್ಲದೆ ವಿಳಾಸ ಬರೆದುಕೊಳ್ಳಲ್ಲ, ವಿಳಾಸವಿಲ್ಲದೆ ಬ್ಯಾಂಕ್ ಖಾತೆ ಇಲ್ಲ, ಖಾತೆ ಇಲ್ಲದವರಿಗೆ ಬಾಡಿಗೆ ಮನೆ ಇಲ್ಲ. ಈ ಗಾಣ ಸುತ್ತಿ ಸುತ್ತಿ ಅವಳ ಚಪ್ಪಲಿ ಸವೆದಿತ್ತು. ಕೊನೆಗೆ ಅವಳಿಗೆ ಕೆಲಸ ಕೊಟ್ಟ ಆಸ್ಪತ್ರೆಯವರೇ ಸಿಬ್ಬಂದಿ ವಸತಿಯಲ್ಲಿ ಒಂದು ಕೋಣೆ ಕೊಟ್ಟಿದ್ದರು. ಗೋಡೆಗೆ ಮಡಚುವ ಮಂಚ, ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಇಟ್ಟಿಗೆ. ಆದರೂ ಕೋಣೆ ಕೋಣೆಯೇ. ಷರತ್ತು ಒಂದೇ: ಇವತ್ತು ಹನ್ನೆರಡು ಗಂಟೆಯೊಳಗೆ ಮೂಲ ಪ್ರಮಾಣಪತ್ರಗಳನ್ನು ಇಲ್ಲಿ ಪರಿಶೀಲಿಸಿಕೊಂಡು ಚೀಟಿ ತರಬೇಕು. ತರದಿದ್ದರೆ ಕೆಲಸ ಪಟ್ಟಿಯಲ್ಲಿರುವ ಮುಂದಿನವಳಿಗೆ. ಕೆಲಸ ಹೋದರೆ ಕೋಣೆ ಹೋಯಿತು, ಕೋಣೆಯ ಹಿಂದೆ ವೀಸಾ. ಈಗ ಹನ್ನೊಂದು ಹತ್ತು.

"ಪರದೆಯ ಮೇಲೆ ನೀವು ಮೊದಲೇ ಕಳಿಸಿದ ನಕಲಿದೆ," ಅಂದಳು ಗುಮಾಸ್ತೆ. "ಅದರಲ್ಲಿ ಸಂಖ್ಯೆ ಇದೆ. ಮೂಲದಲ್ಲಿ ಇಲ್ಲ. ಮೂಲವನ್ನ ಕತ್ತರಿಸಿದಾರೆ. ಕತ್ತರಿಸಿದ್ದನ್ನ ನಾನು ಒಪ್ಪೋ ಹಾಗಿಲ್ಲ. ಯಾರು ಕತ್ತರಿಸಿದ್ದು?"

ಅವಳು ಪುಸ್ತಕ ಕಿತ್ತುಕೊಂಡು ಬೆಂಚಿನ ಹತ್ತಿರ ಹೋದಳು.

"ಇದರ ಅಂಚು ಎಲ್ಲಿ ಹೋಯ್ತು?"

"ಅಂಚಾ? ಸಮ ಮಾಡ್ದೆ. ಕಟ್ಟೋವಾಗ ಮೂರೂ ಕಡೆ ಕತ್ತರಿ ಹಾಕ್ಲೇಬೇಕು. ಇಲ್ದಿದ್ರೆ ಹಾಳೆ ಒಂದೊಂದು ಒಂದೊಂದು ಕಡೆ ಮೂಗು ಚಾಚ್ಕೊಂಡಿರುತ್ತೆ."

"ಸಂಖ್ಯೆ ಇತ್ತಲ್ರೀ ಅಲ್ಲಿ!"

"ಅರ್ಧ ಇಂಚು ಅಷ್ಟೆ ತೆಗ್ದಿದ್ದು."

ಪುಟ ಮಗುಚುತ್ತಾ ಹೋದಳು. ಅವಳ ಮೂರೂ ಕಾಗದಕ್ಕೆ ಕೆಳಗಿನ ಅಂಚಿಲ್ಲ. ಕೊನೆಗೆ ಬಂತು ಗಂಡನ ಕಾಗದ, ಕಸುಬಿನ ಸಂಘದವರು ಕೊಟ್ಟ ಅರ್ಹತಾ ಪತ್ರ. ನಾಲ್ಕೂ ಸುತ್ತ ಬಳ್ಳಿಯ ಚಿತ್ತಾರ, ಒಂದು ಎಲೆಯೂ ಕತ್ತರಿಸಿಲ್ಲ. ಅವಳ ಕೈ ನಿಂತಿತು.

"ನಿಮ್ಮದು ಪೂರ್ತಿ ಇದೆಯಲ್ಲ?"

"ಅದು ಸ್ವಲ್ಪ ಚಿಕ್ಕದು. ಎಲ್ಲಾದಕ್ಕೂ ಒಂದು ಅಳತೆ ಬೇಕಲ್ಲ, ಅದನ್ನೇ ಅಳತೆ ಇಟ್ಕೊಂಡೆ."

ಹದಿನಾಲ್ಕು ವರ್ಷದ ಸಂಸಾರದಲ್ಲಿ ಗಂಡನನ್ನು ಅವಳು ಒಮ್ಮೆಯೂ ಏಕವಚನದಲ್ಲಿ ಕರೆದವಳಲ್ಲ. ಆವತ್ತು, ಅಷ್ಟು ಜನ ಕೂತಿದ್ದ ಹಜಾರದಲ್ಲಿ, ಬಾಯಿ ತಾನಾಗಿ ತೆರೆಯಿತು.

"ನಿನ್ನ ಕಾಗದದ ಅಳತೆಗೆ ನನ್ನದನ್ನ ಕತ್ತರಿಸಿದ್ಯಾ? ಯಾರೋ ನಿನಗೆ ಹೇಳಿದ್ದು? ಕೆಲಸ ಸಿಕ್ಕಿದ್ದು ಯಾರಿಗೆ? ಎರಡೆರಡು ಸಲ ಭಾಷಾ ಪರೀಕ್ಷೆ ಬರೆದದ್ದು ಯಾರು? ರಾತ್ರಿ ಪಾಳಿ ಮುಗಿಸಿ ಬಂದು, ಕಣ್ಣಿಗೆ ನೀರು ಚಿಮುಕಿಸ್ಕೊಂಡು ಓದ್ದೆ ಕಣೋ! ಆಗ ದೀಪ ಕಣ್ಣಿಗೆ ಚುಚ್ಚುತ್ತೆ ಅಂತ ಮಗ್ಗುಲು ಬದಲಾಯಿಸಿದವನು ನೀನು!"

ಮಾತು ಯಾರಿಗೂ ಅರ್ಥವಾಗಲಿಲ್ಲ, ಆದರೆ ಎಲ್ಲರಿಗೂ ತಿಳಿಯಿತು. ಪಕ್ಕದಲ್ಲಿ ಕೂತಿದ್ದವನೊಬ್ಬ ಮೆಲ್ಲಗೆ ಎದ್ದು ಬೇರೆ ಬೆಂಚಿಗೆ ಹೋದ.

ಆತ ತಲೆ ತಗ್ಗಿಸಿ ಪುಸ್ತಕದ ಬೆನ್ನನ್ನು ಹೆಬ್ಬೆರಳಿನಿಂದ ಸವರಿದ. "ಬಿಸಾಕಿಲ್ಲ," ಅಂದ.

"ಏನು?"

"ಕತ್ತರಿಸಿದ ಪಟ್ಟಿ ಬಿಸಾಕಿಲ್ಲ. ಬೆನ್ನಿಗೆ ಗಟ್ಟಿ ಬರ್ಲಿ ಅಂತ ಒಳಗಡೆ ಅಂಟಿಸ್ತೀವಿ. ನಿನ್ನ ಕಾಗದ ಒಳ್ಳೇ ದಪ್ಪ ಇತ್ತು. ಅದನ್ನೇ ಹಾಕ್ದೆ."

ಕೂಗಬೇಕೋ ನಗಬೇಕೋ ಅವಳಿಗೆ ಗೊತ್ತಾಗಲಿಲ್ಲ. ಅವಳ ಸಂಖ್ಯೆ, ಅವಳ ಅರ್ಧ ಮೊಹರು, ಈ ಮಹಾಶಯನ ರಟ್ಟಿನ ಬೆನ್ನಿಗೆ ಬಲ ಕೊಡುತ್ತಾ ಕೂತಿತ್ತು. "ಬಿಚ್ಚು," ಅಂದಳು.

"ಇಲ್ಲೇನಾ? ಇಷ್ಟು ಚೆನ್ನಾಗಿ ಬಂದಿದೆ, ಇಂಥ ಕೆಲಸ ನಾನು..."

"ಬಿಚ್ಚು ಅಂದೆ!"

ಅವಳು ಕೌಂಟರಿಗೆ ಹೋಗಿ ಕಾಗದ ಸೀಳುವ ಚಾಕು ಕೇಳಿದಳು. ಗುಮಾಸ್ತೆ ಅವಳ ಮುಖ ನೋಡಿದಳು, ಬೆಂಚಿನ ಮೇಲಿದ್ದವನನ್ನು ನೋಡಿದಳು, ಚಾಕು ಕೊಟ್ಟಳು. "ಹನ್ನೆರಡಕ್ಕೆ ಬಾಗಿಲು ಹಾಕ್ತೀನಿ," ಅಂದಳು.

ಆತ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಮೊದಲು ಕೆಂಪು ಬಟ್ಟೆ ಸೀಳಿದ. ಆಮೇಲೆ ಚಿನ್ನದ ಗೆರೆ ಹೋಯಿತು. ಹೊಲಿಗೆಯ ದಾರ ಒಂದೊಂದೇ ಕತ್ತರಿಸುವಾಗ ಕಣ್ಣಲ್ಲಿ ನೀರು ತುಂಬಿಕೊಂಡಿತು, ಒರೆಸಿಕೊಳ್ಳಲಿಲ್ಲ. ಅವಳಿಗೆ ಕನಿಕರ ಬರಲಿಲ್ಲ. ಅಳಲಿ, ಅಂದುಕೊಂಡಳು, ನಾನು ಅತ್ತಿದ್ದರಲ್ಲಿ ಕಾಲು ಭಾಗ ಅಳಲಿ. ಬಾಟಲಿಯ ನೀರಲ್ಲಿ ಕರವಸ್ತ್ರ ಅದ್ದಿ ಕೊಟ್ಟಳು. ಮೈದಾ ಹಿಟ್ಟಿನ ಅಂಟು, ನೀರಿಗೆ ಬಿಡುತ್ತದೆ; ಆತ ಒದ್ದೆ ಬಟ್ಟೆಯನ್ನು ಒತ್ತಿ ಹಿಡಿದು, ಉಸಿರು ಬಿಗಿಹಿಡಿದು, ಉಗುರಿನಲ್ಲಿ ಎಬ್ಬಿಸಿದ. ಆ ಕೈಚಳಕಕ್ಕೆ ಅವಳು ಮನಸ್ಸಿಲ್ಲದ ಮನಸ್ಸಿನಿಂದ ಶಹಭಾಸ್ ಅನ್ನಬೇಕಾಯಿತು, ಬಾಯಿಬಿಟ್ಟು ಅನ್ನಲಿಲ್ಲ. ಮೂರು ಪಟ್ಟಿ ಹರಿಯದೆ ಎದ್ದು ಬಂದವು.

ಹನ್ನೆರಡಕ್ಕೆ ಎಂಟು ನಿಮಿಷವಿತ್ತು. ಗುಮಾಸ್ತೆ ಒಂದೊಂದು ಪಟ್ಟಿಯನ್ನೂ ಅದರದರ ಕಾಗದಕ್ಕೆ ತಾಗಿಸಿ ಇಟ್ಟಳು. ಮೊಹರಿನ ಅರ್ಧಕ್ಕೆ ಅರ್ಧ ಕೂಡಿತು, ಸಂಖ್ಯೆ ಪರದೆಗೆ ಹೊಂದಿತು.

"ಯಾರು ಕತ್ತರಿಸಿದ್ದು ಅಂತ ನೀವಿನ್ನೂ ಹೇಳಿಲ್ಲ."

"ನನ್ನ ಗಂಡ," ಅಂದಳು. "ಅವನ ಕಾಗದದ ಅಳತೆಗೆ."

ಗುಮಾಸ್ತೆ ಕನ್ನಡಕ ತೆಗೆದು ಅವಳನ್ನು ಒಂದು ಕ್ಷಣ ನೋಡಿದಳು. ಅಷ್ಟನ್ನೂ ಒಂದು ಟಿಪ್ಪಣಿಯಲ್ಲಿ ಬರೆದು, ಸಹಿ ಹಾಕಿಸಿಕೊಂಡು, ಚೀಟಿಯ ಮೇಲೆ ಮುದ್ರೆ ಒತ್ತಿದಳು.

"ಅವರದೂ ಏನಾದರೂ ಇದ್ದರೆ ಕೊಡಿ, ನೋಡಿಬಿಡ್ತೀನಿ."

ಆತ ಎರಡೂ ಕೈಯಲ್ಲಿ ಹಿಡಿದು ತಂದ, ಬಳ್ಳಿಯ ಚಿತ್ತಾರದ ಕಾಗದ. ಗುಮಾಸ್ತೆ ತಲೆಬರಹ ಓದಿದಳು, ಮಾನ್ಯತೆ ಪಡೆದ ಕಸುಬುಗಳ ಯಾದಿ ತೆಗೆದು ನೋಡಿದಳು, ಕಾಗದವನ್ನು ಗಾಜಿನ ಕೆಳಗಿಂದ ವಾಪಸು ತಳ್ಳಿದಳು. ಈ ಕಸುಬಿನ ಪತ್ರಕ್ಕೆ ಇಲ್ಲಿ ಮಾನ್ಯತೆ ಇಲ್ಲ, ಬೇಕಾದರೆ ಇಟ್ಟುಕೊಳ್ಳಿ, ಅಂದಳು.

"ಏನಂತೆ?" ಆತ ಕೇಳಿದ. "ಏನಂದ್ರು ನನ್ನದಕ್ಕೆ?"

ಆಗಿನಿಂದ ಹಲ್ಲಿನ ಸಂದಿಯಲ್ಲಿ ಮಸೆದಿಟ್ಟುಕೊಂಡ ಮಾತು ಎಷ್ಟೊಂದಿದ್ದವು. ಯಾವುದನ್ನು ಬೇಕಾದರೂ ಈಗ ಆಡಬಹುದಿತ್ತು. ಆಡಲಿಲ್ಲ. ಸುಳ್ಳು ಹೇಳಿ ಸಮಾಧಾನ ಮಾಡಲೂ ಇಲ್ಲ. ಗುಮಾಸ್ತೆ ಹೇಳಿದ್ದನ್ನು ಹೇಳಿದ ಹಾಗೆಯೇ, ಒಂದು ಶಬ್ದ ಕೂಡಿಸದೆ, ಒಂದು ಶಬ್ದ ಕಳೆಯದೆ ಹೇಳಿದಳು.

ಆತ ತನ್ನ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ. "ಹಾಗಾದ್ರೆ ನಾಳೆಯಿಂದ ನಾನೇನು ಮಾಡ್ಲಿ?" ಅಂದ.

"ಮೊದಲು ಭಾಷೆ ಕಲಿ," ಅಂದಳು. "ದೀಪ ಹಾಕ್ಕೊಂಡೇ ಓದು. ನನಗೇನೂ ಚುಚ್ಚಲ್ಲ."

ತನ್ನ ಮೂರು ಕಾಗದ, ಮೂರು ಪಟ್ಟಿ, ಚೀಟಿ ಎಲ್ಲವನ್ನೂ ಜೋಡಿಸಿ ಎದೆಗೆ ಒತ್ತಿಕೊಂಡು ಬಾಗಿಲ ಕಡೆ ನಡೆದಳು. ಆತ ಉಳಿದ ಕಾಗದಗಳನ್ನೂ ಖಾಲಿ ರಟ್ಟನ್ನೂ ಕಂಕುಳಲ್ಲಿಟ್ಟುಕೊಂಡು ಹಿಂದೆ ಬಂದ. ಮೆಟ್ಟಿಲ ಹತ್ತಿರ, ಕೊಡು ಹಿಡ್ಕೋತೀನಿ ಅಂತ ಕೈ ಚಾಚಿದ. ಅವಳು ಕೊಡಲಿಲ್ಲ.